ಬಗ್ ವರದಿಯ ಜೊತೆ ಓಡುವ ಉದಾಹರಣೆ ಎಷ್ಟು ಬಾರಿ ಬರುತ್ತದೆ?

ತಂತ್ರಾಂಶದಲ್ಲಿ ದೋಷ (ಬಗ್) ಕಂಡವರು ಅದನ್ನು ಬರೆದವರಿಗೆ ಕಳುಹಿಸುವ ವರದಿಗಳು ಏನು ಕೆಟ್ಟಿದೆ ಎಂಬುದನ್ನು ಸಾಮಾನ್ಯವಾಗಿ ಹೇಳಿಯೇ ಹೇಳುತ್ತವೆ. ಅದನ್ನು ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಮತ್ತೆ ಕಾಣುವುದು ಹೇಗೆ ಎಂದು ತಿಳಿಸುವ ವರದಿಗಳು ಮಾತ್ರ ಸುಮಾರು ಅರ್ಧದಷ್ಟು. ಒಂಬತ್ತು ತಂತ್ರಾಂಶಗಳ 2,912 ಬಗ್ ವರದಿಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕಂಡ ತೊಂದರೆಯನ್ನು ವಿವರಿಸಿದ್ದವು 93.5% ವರದಿಗಳು, ಅದನ್ನು ಮರಳಿ ಉಂಟುಮಾಡುವ ಹಂತಗಳನ್ನು ಸ್ಪಷ್ಟವಾಗಿ ಬರೆದಿದ್ದವು 51.4%, ಎಲ್ಲವೂ ಸರಿಯಾಗಿದ್ದರೆ ಏನಾಗಬೇಕಿತ್ತು ಎಂದು ಹೇಳಿದ್ದವು ಬರೀ 35.2%. ಈ ಮೂರು ಸಂಖ್ಯೆಗಳಲ್ಲಿ ಹೆಚ್ಚು ಚರ್ಚೆಯಾಗುವುದು ನಡುವಿನದು, ಏಕೆಂದರೆ ಡೆವಲಪರುಗಳ ಹೊತ್ತನ್ನು ತಿನ್ನುವುದು ಆ ಉಳಿದ ಅರ್ಧ.

ಆದರೆ ಈ ಅರ್ಧವೂ ಉದಾರ ಲೆಕ್ಕವೇ. ಅಲ್ಲಿ ಎಣಿಸಿದ್ದು ಬರಹದಲ್ಲಿ ಹಂತಗಳ ವಿವರಣೆ ಇದೆಯೇ ಎಂಬುದನ್ನು. ಆ ಹಂತಗಳನ್ನು ಅನುಸರಿಸಿದರೆ ದೋಷ ನಿಜಕ್ಕೂ ಕಾಣಿಸುತ್ತದೆಯೇ ಎಂಬುದನ್ನಲ್ಲ. "ಫೈಲ್ ತೆರೆದು ಸೇವ್ ಒತ್ತಿದೆ, ಪ್ರೋಗ್ರಾಂ ನಿಂತುಹೋಯಿತು" ಎಂಬುದರಲ್ಲಿ ಹಂತಗಳೇನೋ ಇವೆ. ಯಾವ ಫೈಲ್, ಎಷ್ಟು ದೊಡ್ಡದು, ಯಾವ ಆವೃತ್ತಿ, ಸೇವ್ ಒತ್ತುವ ಮುನ್ನ ಫೈಲಿನಲ್ಲಿ ಏನಾದರೂ ಬದಲಾವಣೆ ಮಾಡಲಾಗಿತ್ತೇ ಎಂಬ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಮರುಸೃಷ್ಟಿಸಬಹುದಾದ, ಅಂದರೆ ಓಡುವ, ಉದಾಹರಣೆ ಎಂದರೆ ವರದಿ ಓದಿದ ಅಪರಿಚಿತರೊಬ್ಬರು ಏನನ್ನೂ ಊಹಿಸಿಕೊಳ್ಳದೆ ನಡೆಸಿ ನೋಡಬಹುದಾದ ಕೋಡ್, ಡೇಟಾ ಅಥವಾ ಕ್ರಿಯೆಗಳ ಸರಣಿ. ಈ ಅಳತೆಗೋಲನ್ನು ಹಿಡಿದರೆ ಪ್ರಮಾಣ ಬೇಗನೆ ಇಳಿಯುತ್ತದೆ. ಪ್ರೋಗ್ರಾಮಿಂಗ್ ಪ್ರಶ್ನೋತ್ತರಗಳ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕುರಿತು ಕೇಳಲಾಗಿದ್ದ 400 ಪ್ರಶ್ನೆಗಳನ್ನು ಆಯ್ದು, ಅವುಗಳಲ್ಲಿದ್ದ ಕೋಡನ್ನು ಓಡಿಸಿ ನೋಡಿದ ಸಂಶೋಧಕರು 2019ರಲ್ಲಿ ಕೊಟ್ಟ ಲೆಕ್ಕದಲ್ಲಿ, 68% ಕೋಡ್ ತುಣುಕುಗಳಿಗೆ ಚಿಕ್ಕದೋ ದೊಡ್ಡದೋ ತಿದ್ದುಪಡಿ ಬೇಕಾಯಿತು. 22% ತುಣುಕುಗಳಲ್ಲಿ ಏನು ಮಾಡಿದರೂ ಪ್ರಶ್ನೆಯಲ್ಲಿ ಹೇಳಿದ ತೊಂದರೆ ಕಾಣಿಸಲೇ ಇಲ್ಲ. ಇವು ಕೋಡ್ ಅಂಟಿಸುವಷ್ಟು ಶ್ರಮ ಪಟ್ಟವರ ಪ್ರಶ್ನೆಗಳು, ಕೇಳಿದವರೂ ಕೋಡ್ ಬರೆಯಬಲ್ಲವರು ಎಂಬುದನ್ನು ಮರೆಯಬಾರದು.

ಹೀಗೇಕೆ ಎಂಬುದಕ್ಕೆ ಸಿಗುವ ಸುಲಭದ ಉತ್ತರವೆಂದರೆ ವರದಿ ಮಾಡುವವರ ಉದಾಸೀನ. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ, ಒಪ್ಪದಿರಲು ಪುರಾವೆಯೂ ಇದೆ. ಅಪಾಚೆ, ಎಕ್ಲಿಪ್ಸ್ ಮತ್ತು ಮೊಜಿಲ್ಲಾ ಎಂಬ ಮುಕ್ತ ತಂತ್ರಾಂಶ ಯೋಜನೆಗಳ ಡೆವಲಪರುಗಳು ಮತ್ತು ವರದಿಗಾರರ ನಡುವೆ ಸಮೀಕ್ಷೆ ನಡೆಸಿ, 466 ಮಂದಿಯ ಉತ್ತರಗಳನ್ನು ಆಧರಿಸಿ 2008ರಲ್ಲಿ ಪ್ರಕಟಿಸಲಾದ ಅಧ್ಯಯನ ಕಂಡುಕೊಂಡದ್ದು ಇದು: ಡೆವಲಪರುಗಳಿಗೆ ಅತಿ ಹೆಚ್ಚು ನೆರವಾಗುವ ಮಾಹಿತಿ, ಅಂದರೆ ಮರುಸೃಷ್ಟಿಯ ಹಂತಗಳು, ಸ್ಟ್ಯಾಕ್ ಟ್ರೇಸ್ (ದೋಷ ಬಂದಾಗ ಕೋಡಿನ ಯಾವ ಭಾಗಗಳು ನಡೆಯುತ್ತಿದ್ದವು ಎಂಬ ಪಟ್ಟಿ) ಮತ್ತು ಟೆಸ್ಟ್ ಕೇಸ್ (ದೋಷ ಇದೆಯೇ ಎಂದು ಪರೀಕ್ಷಿಸುವ ಚಿಕ್ಕ ಕೋಡ್), ವರದಿಗಾರರಿಗೆ ಒದಗಿಸಲು ಅತಿ ಕಷ್ಟವಾದದ್ದೂ ಹೌದು. ಏನು ಬೇಕು ಎಂಬುದು ವರದಿಗಾರರಿಗೂ ಹೆಚ್ಚುಕಡಿಮೆ ಗೊತ್ತು. ಗೊತ್ತಿದ್ದೂ ಕೊಡಲು ಅವರ ಕೈಲಾಗುತ್ತಿಲ್ಲ.

ಕೈಲಾಗದಿರುವುದು ಹೇಗೆ ಎಂಬುದನ್ನು ಒಂದು ಕಲ್ಪಿತ ಪ್ರಕರಣದಲ್ಲಿ ಹತ್ತಿರದಿಂದ ನೋಡಬಹುದು. ಪ್ರತಿ ತಿಂಗಳೂ ಗ್ರಾಹಕರಿಗೆ ಬಿಲ್ ಸಿದ್ಧಪಡಿಸುವ ತಂತ್ರಾಂಶವೊಂದರ ಬಗ್ಗೆ ವರದಿ ಬರುತ್ತದೆ: "ತಿಂಗಳ ಕೊನೆಯಲ್ಲಿ ಕೆಲವೊಮ್ಮೆ ಬಿಲ್ ಬರುತ್ತಿಲ್ಲ, ಮರುದಿನ ನೋಡಿದರೆ ಸರಿಯಾಗಿರುತ್ತದೆ, ದಯವಿಟ್ಟು ಬೇಗ ಸರಿಪಡಿಸಿ." ಜೊತೆಗೆ ದೋಷಸಂದೇಶದ ಅರ್ಧ ಕತ್ತರಿಸಿಹೋದ ಒಂದು ಸ್ಕ್ರೀನ್‌ಶಾಟ್. ಡೆವಲಪರ್ ಅದನ್ನು ತೆರೆಯುವ ಹೊತ್ತಿಗೆ ಹೊಸ ತಿಂಗಳ ಐದನೇ ತಾರೀಖು. ಎಲ್ಲ ಗುಂಡಿಗಳನ್ನೂ ಒತ್ತಿ ನೋಡುತ್ತಾರೆ, ಬಿಲ್ ಸರಿಯಾಗಿ ಬರುತ್ತದೆ. "ನನ್ನಲ್ಲಿ ಸರಿಯಾಗಿಯೇ ನಡೆಯುತ್ತಿದೆ" ಎಂದು ಬರೆದು ವರದಿಯನ್ನು ಮುಚ್ಚುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರೂ ಸೋಮಾರಿಗಳಲ್ಲ.

ಒಳಗೆ ನಡೆದದ್ದು ಇಷ್ಟು: ಮುಂದಿನ ಬಿಲ್ಲಿನ ದಿನಾಂಕ ಕಂಡುಹಿಡಿಯಲು ಪ್ರೋಗ್ರಾಂ ಇವತ್ತಿನ ದಿನಾಂಕದ ತಿಂಗಳನ್ನು ಮಾತ್ರ ಒಂದು ಹೆಚ್ಚಿಸುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 2024ರ ಜನವರಿ 31 ಎಂಬ ದಿನಾಂಕವನ್ನು ತೆಗೆದುಕೊಂಡು ಅದರ ತಿಂಗಳನ್ನು 2 ಎಂದು ಬದಲಿಸಲು ಹೋದರೆ, ಆ ದಿನ ಆ ತಿಂಗಳಲ್ಲಿ ಇಲ್ಲ ಎಂಬ ದೋಷಸಂದೇಶ ಬರುತ್ತದೆ. ಮಾರ್ಚ್ 31ಕ್ಕೂ ಹೀಗೆಯೇ, ಏಕೆಂದರೆ ಏಪ್ರಿಲ್‌ನಲ್ಲಿ 31 ಇಲ್ಲ. ಜುಲೈ 31ಕ್ಕೆ ಮಾತ್ರ ಏನೂ ಆಗುವುದಿಲ್ಲ, ಆಗಸ್ಟ್‌ನಲ್ಲಿಯೂ 31 ದಿನಗಳಿರುವುದರಿಂದ. ವರದಿಗಾರರು "ಕೆಲವೊಮ್ಮೆ" ಎಂದದ್ದು ಈ ಕಾರಣಕ್ಕೆ. ಅವರ ದೃಷ್ಟಿಯಲ್ಲಿ ಅದಕ್ಕಿಂತ ನಿಖರವಾದ ಪದ ಇರಲಿಲ್ಲ, ಏಕೆಂದರೆ ಬಿಲ್ಲಿಗೂ ಮುಂದಿನ ತಿಂಗಳ ಉದ್ದಕ್ಕೂ ಸಂಬಂಧವಿದೆ ಎಂದು ಹೊರಗಿನಿಂದ ನೋಡುವವರಿಗೆ ಹೊಳೆಯಲು ಯಾವ ಕಾರಣವೂ ಇಲ್ಲ. ಕೊನೆಯಲ್ಲಿ ಒಂದೇ ಸಾಲಿಗೆ ಇಳಿಯುವ ಈ ಉದಾಹರಣೆಯನ್ನು ಬರೆಯಬಲ್ಲವರು ದೋಷದ ಮುಕ್ಕಾಲು ಪಾಲನ್ನು ಆಗಲೇ ಪತ್ತೆ ಮಾಡಿದ್ದಾರೆ ಎಂದರ್ಥ. ವರದಿಯ ಜೊತೆ ಚಿಕ್ಕ ಉದಾಹರಣೆಯನ್ನು ಕೇಳುವುದೆಂದರೆ, ಹಲವು ಸಂದರ್ಭಗಳಲ್ಲಿ, ಪತ್ತೆಯ ಕೆಲಸವನ್ನೇ ವರದಿಗಾರರ ಕೈಗೆ ದಾಟಿಸುವುದು.

ಅದೇ ಒಂದು ಸಾಲು ಇನ್ನೊಂದನ್ನೂ ಇತ್ಯರ್ಥ ಮಾಡುತ್ತದೆ. ಅದನ್ನು ಪೈಥಾನ್ ತಂಡಕ್ಕೆ ಬಗ್ ಎಂದು ಕಳುಹಿಸಿದರೆ ಅವರು ನಿರಾಕರಿಸುತ್ತಾರೆ, ಅದು ಸರಿಯೂ ಹೌದು: ಇಲ್ಲದ ದಿನಾಂಕ ಕೇಳಿದಾಗ ಇಲ್ಲ ಎನ್ನುವುದೇ ಆ ಭಾಷೆಯ ನಿಯಮ. ತಪ್ಪು ಬಿಲ್ಲಿನ ತಂತ್ರಾಂಶದ್ದು. ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಸಾಧನ) ಮತ್ತು ಲೈಬ್ರರಿಗಳನ್ನು (ಇತರರು ಬಳಸಲೆಂದು ಬರೆದಿಟ್ಟ ಕೋಡ್) ನಿರ್ವಹಿಸುವವರು ಉದಾಹರಣೆಗಾಗಿ ಇಷ್ಟು ಹಟ ಹಿಡಿಯಲು ಇದೂ ಒಂದು ಕಾರಣ. ಅವರಿಗೆ ಬರುವ ವರದಿಗಳಲ್ಲಿ ದೊಡ್ಡ ಪಾಲು ವಾಸ್ತವವಾಗಿ ವರದಿಗಾರರ ಸ್ವಂತ ಕೋಡಿನ ದೋಷ, ಅದು ಬೇರ್ಪಟ್ಟು ಕಾಣುವುದು ಕೋಡನ್ನು ದೋಷ ತೋರಿಸಲು ಬೇಕಾದಷ್ಟಕ್ಕೆ ಕಿರಿದುಗೊಳಿಸಿದಾಗಲೇ. ಕಿರಿದುಗೊಳಿಸಲು ಕುಳಿತವರು ಅರ್ಧ ದಾರಿಯಲ್ಲಿ ತಮ್ಮದೇ ತಪ್ಪನ್ನು ಕಂಡು ವರದಿಯನ್ನೇ ಕಳುಹಿಸದೆ ಬಿಡುವುದುಂಟು. ಅಂಥವು ಯಾವ ಅಂಕಿಅಂಶದಲ್ಲೂ ಕಾಣಿಸುವುದಿಲ್ಲ, ಆದರೆ ನಿರ್ವಾಹಕರಿಗೆ ಅತ್ಯಂತ ಪ್ರಿಯವಾದ ವರದಿಗಳು ಬಹುಶಃ ಅವೇ.

ಕಷ್ಟಕ್ಕೆ ಬೇರೆ ಮೂಲಗಳೂ ಇವೆ. ದೋಷ ಕಾಣಿಸಿದ್ದು ಆಸ್ಪತ್ರೆಯ ದಾಖಲೆಯಲ್ಲೋ ಸಂಸ್ಥೆಯೊಂದರ ಸಂಬಳದ ಪಟ್ಟಿಯಲ್ಲೋ ಆದರೆ ಆ ಡೇಟಾವನ್ನು ಹೊರಗೆ ಕೊಡುವಂತಿಲ್ಲ. ಹೆಸರು, ಸಂಖ್ಯೆಗಳನ್ನು ಅಳಿಸಿ ಕೃತಕ ಡೇಟಾ ತುಂಬಿದರೆ ಎಷ್ಟೋ ಸಲ ದೋಷವೂ ಅಳಿಸಿಹೋಗುತ್ತದೆ. ಕೆಲವು ದೋಷಗಳು ಎರಡು ಕೆಲಸಗಳು ಒಂದೇ ಕ್ಷಣದಲ್ಲಿ ನಡೆದಾಗ ಮಾತ್ರ ತಲೆದೋರುತ್ತವೆ, ಪರೀಕ್ಷಿಸಲೆಂದು ನಿಧಾನಗೊಳಿಸಿದರೆ ಮರೆಯಾಗುತ್ತವೆ. ಇಂಥವನ್ನು ಹಿಡಿಯಲೆಂದೇ ಮೊಜಿಲ್ಲಾದಲ್ಲಿ ರೂಪುಗೊಂಡ ಆರ್‌ಆರ್ ಎಂಬ ಸಾಧನ ಪ್ರೋಗ್ರಾಮಿನ ಒಂದು ಓಟವನ್ನು ಪೂರ್ತಿ ದಾಖಲಿಸಿಕೊಂಡು, ಆಮೇಲೆ ಅದೇ ಓಟವನ್ನು ಬೇಕಾದಷ್ಟು ಸಲ ಮರುನಡೆಸುತ್ತದೆ. ಆದರೆ ಅಂಥ ಸಾಧನವನ್ನು ಮುಂಚಿತವಾಗಿಯೇ ಚಾಲೂ ಮಾಡಿಟ್ಟುಕೊಂಡಿರುವ ಸಾಮಾನ್ಯ ಬಳಕೆದಾರರು ಎಲ್ಲಿರುತ್ತಾರೆ?

ಈ ಕಷ್ಟ ಹೊಸದಲ್ಲ, ಅದನ್ನು ಯಾರ ಹೆಗಲಿಗೆ ಹಾಕಬೇಕೆಂಬ ಪ್ರಶ್ನೆಯೂ ಹೊಸದಲ್ಲ. 1999ರ ಜುಲೈನಲ್ಲಿ, ವೆಬ್ ಬ್ರೌಸರ್ ರೂಪಿಸುತ್ತಿದ್ದ ಮೊಜಿಲ್ಲಾದ ಬಗ್ ಸಂಗ್ರಹದಲ್ಲಿ ಇನ್ನೂ ಕಿರಿದುಗೊಳಿಸದ 370ಕ್ಕೂ ಹೆಚ್ಚು ವರದಿಗಳು ತೆರೆದೇ ಬಿದ್ದಿದ್ದವು. ಯೋಜನೆಯವರು ಸ್ವಯಂಸೇವಕರಿಗೆ ಕರೆ ಕೊಟ್ಟರು: ತೊಂದರೆ ಕೊಡುವ ವೆಬ್ ಪುಟವನ್ನು ತೆಗೆದುಕೊಳ್ಳಿ, ದೋಷ ಉಳಿದಿರುವಷ್ಟು ಕಾಲ ಅದರಿಂದ ಸಾಲುಗಳನ್ನು ಕಿತ್ತುಹಾಕುತ್ತಾ ಹೋಗಿ. ಇಪ್ಪತ್ತು ವರದಿಗಳನ್ನು ಹೀಗೆ ಕಿರಿದುಗೊಳಿಸಿದವರಿಗೆ ಎಂಜಿನಿಯರುಗಳ ಸಹಿಯಿರುವ ಟಿ-ಶರ್ಟ್ ಸಿಗುವುದಿತ್ತು. ಅಲ್ಲಿನ ತಿಳುವಳಿಕೆ ಗಮನಾರ್ಹವಾದದ್ದು. ದೋಷ ಕಂಡವರು, ಕಿರಿದುಗೊಳಿಸುವವರು, ಸರಿಪಡಿಸುವವರು ಎಂದು ಮೂರು ಬೇರೆ ಪಾತ್ರಗಳಿವೆ, ನಡುವಿನದು ತಾನಾಗಿಯೇ ಒಂದು ಕೆಲಸ, ಅದಕ್ಕೆ ಬಹುಮಾನವೂ ಸಲ್ಲಬೇಕು ಎಂದು ಅದು ಒಪ್ಪಿಕೊಂಡಿತ್ತು.

ಆ ನಡುವಿನ ಕೆಲಸವನ್ನು ಯಂತ್ರವೂ ಮಾಡಬಲ್ಲದು ಎಂದು ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಆಂಡ್ರಿಯಾಸ್ ಝೆಲ್ಲರ್ ಮತ್ತು ಅವರ ಸಹೋದ್ಯೋಗಿ 2002ರಲ್ಲಿ ತೋರಿಸಿದರು. ಅವರು ಆರಿಸಿಕೊಂಡದ್ದೂ ಮೊಜಿಲ್ಲಾದ ಒಂದು ಬಗ್ ಅನ್ನೇ: ಒಂದು ವೆಬ್ ಪುಟವನ್ನು ಮುದ್ರಿಸಲು ಹೋದರೆ ಬ್ರೌಸರ್ ಕುಸಿದುಬೀಳುತ್ತಿತ್ತು. ಡೆಲ್ಟಾ ಡಿಬಗ್ಗಿಂಗ್ ಎಂಬ ಅವರ ವಿಧಾನ ಪುಟದ ತುಂಡುಗಳನ್ನು ಒಂದೊಂದಾಗಿ ತೆಗೆದು, ಪ್ರತಿ ಸಲವೂ ಬ್ರೌಸರ್ ಇನ್ನೂ ಕುಸಿಯುತ್ತದೆಯೇ ಎಂದು ಪರೀಕ್ಷಿಸಿ, ಕುಸಿದರೆ ಆ ತುಂಡನ್ನು ಬಿಟ್ಟುಬಿಡುತ್ತದೆ. 896 ಸಾಲುಗಳ ಎಚ್‌ಟಿಎಂಎಲ್, ಅಂದರೆ ವೆಬ್ ಪುಟದ ಕೋಡ್, ಒಂದೇ ಸಾಲಿಗೆ ಇಳಿಯಿತು. ಬಳಕೆದಾರರ 95 ಕ್ರಿಯೆಗಳಲ್ಲಿ ಮೂರು ಉಳಿದವು. ಆಗಿನ 500 ಮೆಗಾಹರ್ಟ್ಸ್ ಕಂಪ್ಯೂಟರಿನಲ್ಲಿ ಇದಕ್ಕೆ ಹಿಡಿದದ್ದು 139 ಪರೀಕ್ಷೆಗಳು, 35 ನಿಮಿಷ. ಇಂದು ಕಂಪೈಲರ್ ಬಗ್‌ಗಳ ವರದಿಗಾರರು ಬಳಸುವ ಸಿ-ರೆಡ್ಯೂಸ್‌ನಂಥ ಸಾಧನಗಳು ಈ ದಾರಿಯಲ್ಲೇ ಮುಂದೆ ಸಾಗಿ ಬಂದವು. ಆದರೆ ಇವೆಲ್ಲಕ್ಕೂ ಒಂದು ಪೂರ್ವಷರತ್ತಿದೆ: ದೊಡ್ಡದಾಗಿಯಾದರೂ ಸರಿ, ಕುಸಿಯುವ ಒಂದು ಉದಾಹರಣೆ ಮೊದಲು ಕೈಯಲ್ಲಿರಬೇಕು. ಕಿರಿದುಗೊಳಿಸುವುದನ್ನು ಯಂತ್ರಕ್ಕೆ ಬಿಡಬಹುದು, ಮೊದಲ ಉದಾಹರಣೆಯನ್ನು ಯಂತ್ರಕ್ಕೆ ಯಾರಾದರೂ ಕೊಡಬೇಕು. ಆದ್ದರಿಂದ "ಅತಿ ಚಿಕ್ಕ ಉದಾಹರಣೆ ಕೊಡಿ" ಎಂದು ಮೊದಲ ಸಾಲಿನಲ್ಲೇ ಬೆದರಿಸುವ ಯೋಜನೆಗಳು ಅನಗತ್ಯವಾಗಿ ಬಾಗಿಲನ್ನು ಕಿರಿದು ಮಾಡುತ್ತಿವೆ ಎಂದು ನನ್ನ ಅನಿಸಿಕೆ. ಓಡುವುದು ಮುಖ್ಯ, ಚಿಕ್ಕದಾಗಿರುವುದು ಆಮೇಲಿನ ಮಾತು.

ಯೋಜನೆಗಳು ಹಿಡಿದ ದಾರಿ ಮಾತ್ರ ಬೇರೆ. 2016ರ ಜನವರಿಯಲ್ಲಿ ಹಲವು ಮುಕ್ತ ತಂತ್ರಾಂಶಗಳ ನಿರ್ವಾಹಕರು, ಕೋಡನ್ನು ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಬಹಿರಂಗ ಪತ್ರ ಬರೆದರು. ಮರುಸೃಷ್ಟಿಯ ಹಂತಗಳು, ಪರೀಕ್ಷಿಸಿದ ಆವೃತ್ತಿಯಂಥ ಮುಖ್ಯ ವಿವರಗಳೇ ಇಲ್ಲದ ವರದಿಗಳು ಬಂದು ಬೀಳುತ್ತಿವೆ ಎಂಬುದು ಅದರ ದೂರುಗಳಲ್ಲೊಂದು. ಮರುತಿಂಗಳೇ ಗಿಟ್‌ಹಬ್ ವರದಿಯ ಟೆಂಪ್ಲೇಟ್ (ಏನೇನು ಬರೆಯಬೇಕೆಂದು ಮೊದಲೇ ಸೂಚಿಸುವ ನಮೂನೆ) ಸೌಲಭ್ಯವನ್ನು ತಂದಿತು, 2021ರಲ್ಲಿ ಕಡ್ಡಾಯವಾಗಿ ತುಂಬಬೇಕಾದ ಖಾನೆಗಳಿರುವ ಫಾರ್ಮ್‌ಗಳೂ ಬಂದವು. ಅದರ ಮೇಲೆ ಕೆಲವು ಯೋಜನೆಗಳು ತಮ್ಮದೇ ನಿಯಮ ಹೇರಿದವು. ವೆಬ್ ಡೆವಲಪರುಗಳು ವ್ಯಾಪಕವಾಗಿ ಬಳಸುವ ವೀಟ್ ಎಂಬ ಸಾಧನದ ಯೋಜನೆಯಲ್ಲಿ, ಉದಾಹರಣೆ ಬೇಕು ಎಂಬ ಲೇಬಲ್ ಬಿದ್ದ ವರದಿಗೆ ಮೂರು ದಿನಗಳೊಳಗೆ ಮರುಮಾತು ಬರದಿದ್ದರೆ ಅದು ತಾನಾಗಿಯೇ ಮುಚ್ಚಿಹೋಗುತ್ತದೆ. ಸಂಬಳವಿಲ್ಲದೆ ದುಡಿಯುವ ನಿರ್ವಾಹಕರು ಹೀಗೆ ಬೇಲಿ ಹಾಕಿಕೊಳ್ಳುವುದನ್ನು ತಪ್ಪೆನ್ನಲಾಗದು. ಒಬ್ಬ ವರದಿಗಾರ ಉಳಿಸಿಕೊಳ್ಳುವ ಅರ್ಧ ಗಂಟೆ, ಅಂಥ ನೂರು ವರದಿಗಳನ್ನು ಓದುವವರ ಪಾಲಿಗೆ ಐವತ್ತು ಗಂಟೆ.

ಆದರೆ ಇಂಥ ನಿಯಮ ಬಂದ ಮೇಲೆ ಉದಾಹರಣೆಯಿರುವ ವರದಿಗಳ ಪ್ರಮಾಣ ಏರಿತು ಎಂದು ಯಾರಾದರೂ ಹೇಳಿದರೆ, ಮೊದಲು ಕೇಳಬೇಕಾದದ್ದು ಛೇದದ ಬಗ್ಗೆ. ಲೆಕ್ಕಕ್ಕಾಗಿ ನೂರು ಮಂದಿ ದೋಷ ಕಂಡರೆಂದೂ ಅವರಲ್ಲಿ ಮೂವತ್ತು ಮಂದಿ ಓಡುವ ಉದಾಹರಣೆ ಕೊಡಬಲ್ಲರೆಂದೂ ಇಟ್ಟುಕೊಳ್ಳೋಣ. ನಿಯಮವಿಲ್ಲದಾಗ ಪ್ರಮಾಣ 30%. ಕಡ್ಡಾಯ ಖಾನೆಗಳನ್ನು ಕಂಡು ಅರವತ್ತು ಮಂದಿ ಹಿಂದಿರುಗಿದರೆ, ಅಥವಾ ಅವರ ವರದಿಗಳು ಮೂರು ದಿನಗಳಲ್ಲಿ ಮುಚ್ಚಿಹೋದರೆ, ಉಳಿದ ನಲವತ್ತರಲ್ಲಿ ಮೂವತ್ತು ಎಂದರೆ 75%. ಹೊಸದಾಗಿ ಉದಾಹರಣೆ ಕೊಟ್ಟವರು ಒಬ್ಬರೂ ಇಲ್ಲ, ಸರಿಪಡಿಸಲಾದ ದೋಷಗಳ ಸಂಖ್ಯೆಯೂ ಏರಿಲ್ಲ, ಪ್ರಮಾಣ ಮಾತ್ರ ಎರಡೂವರೆ ಪಟ್ಟಾಗಿದೆ. ಟೆಂಪ್ಲೇಟಿನಿಂದ ನಿಜಕ್ಕೂ ಸುಧಾರಣೆಯಾಯಿತೇ ಎಂದು ತಿಳಿಯಲು ಬೇಕಾದ ಅಂಕಿ, ಅಂದರೆ ಫಾರ್ಮ್ ತೆರೆದು ಅರ್ಧಕ್ಕೇ ಬಿಟ್ಟುಹೋದವರ ಎಣಿಕೆ, ಯೋಜನೆಗಳ ದಾಖಲೆಗಳಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಹೀಗೆ ಸೋಸಿಹೋದ ವರದಿಗಳೆಲ್ಲ ಜೊಳ್ಳು ಎನ್ನುವಂತಿಲ್ಲ. ಮರುಸೃಷ್ಟಿಯಾಗದ ಸುಮಾರು 32,000 ವರದಿಗಳನ್ನು ಆರು ಸಂಗ್ರಹಗಳಿಂದ ತೆಗೆದು ನೋಡಿದ 2014ರ ಅಧ್ಯಯನದಲ್ಲಿ, ಅಂಥವು ಒಟ್ಟು ವರದಿಗಳಲ್ಲಿ ಸರಾಸರಿ 17% ಇದ್ದವು, ಮಿಕ್ಕವುಗಳಿಗಿಂತ ಮೂರು ತಿಂಗಳು ಹೆಚ್ಚು ಕಾಲ ಜೀವಂತವಾಗಿ ಉಳಿದಿದ್ದವು. ಅವುಗಳ ಹಿಂದಿನ ಕಾರಣಗಳಲ್ಲಿ ಅತಿ ದೊಡ್ಡದು ಮಾಹಿತಿಯ ಕೊರತೆಯಲ್ಲ, ಒಂದು ಬಗ್ ಇನ್ನೊಂದು ಬಗ್ ಜೊತೆ ಹೆಣೆದುಕೊಂಡಿರುವುದು. ಉದಾಹರಣೆಯೇ ಇಲ್ಲದೆ ದೋಷಗಳನ್ನು ಸರಿಪಡಿಸುವ ಪರಂಪರೆಯೂ ಇದೆ. ಮೈಕ್ರೋಸಾಫ್ಟ್‌ನ ವಿಂಡೋಸ್ ದೋಷ ವರದಿ ವ್ಯವಸ್ಥೆ, ಬಳಕೆದಾರರು ಒಂದಕ್ಷರವನ್ನೂ ಬರೆಯದಿದ್ದರೂ, ಕುಸಿತದ ಕ್ಷಣದ ಸ್ಥಿತಿಯನ್ನು ತಾನೇ ಸಂಗ್ರಹಿಸಿ ಕಳುಹಿಸುತ್ತದೆ. ಒಂದೇ ಬಗೆಯ ಕುಸಿತಗಳನ್ನು ಒಟ್ಟುಗೂಡಿಸಿ ಎಣಿಸಿದಾಗ, ಯಾವುದನ್ನು ಮೊದಲು ಕೈಗೆತ್ತಿಕೊಳ್ಳಬೇಕೆಂಬುದು ಗೊತ್ತಾಗುತ್ತದೆ. ಒಂದು ಸಂಪೂರ್ಣ ವರದಿ ಮಾಡುವ ಕೆಲಸವನ್ನು ಅಲ್ಲಿ ಅಪೂರ್ಣವಾದ ಸಾವಿರಾರು ವರದಿಗಳು ಸೇರಿ ಮಾಡುತ್ತವೆ. ಆದರೆ ಅದು ಕುಸಿತಗಳಿಗೆ ಸರಿ; ತಪ್ಪು ಬಡ್ಡಿ ಲೆಕ್ಕ ಹಾಕಿಯೂ ಸದ್ದಿಲ್ಲದೆ ಮುಂದುವರಿಯುವ ಪ್ರೋಗ್ರಾಮಿಗೆ ಅದರಿಂದ ಪ್ರಯೋಜನವಿಲ್ಲ.

ಕಳೆದ ಎರಡು ಮೂರು ವರ್ಷಗಳಲ್ಲಿ ಈ ಚಿತ್ರ ಎರಡು ಕಡೆಯಿಂದ ಬದಲಾಗಿದೆ. ಮೊದಲನೆಯದು ವರದಿ ಬರೆಯುವ ಕಡೆ. ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳ ನೆರವಿನಿಂದ ಹಂತಗಳು, ಆವೃತ್ತಿ, ನಿರೀಕ್ಷಿತ ಫಲಿತಾಂಶ, ಕೋಡ್ ತುಣುಕು ಎಲ್ಲವೂ ಅಚ್ಚುಕಟ್ಟಾಗಿರುವ ವರದಿಯನ್ನು ಈಗ ಯಾರು ಬೇಕಾದರೂ ಸಿದ್ಧಪಡಿಸಬಹುದು, ಅದರಲ್ಲಿ ಹೇಳಿದ ದೋಷ ಇರಬೇಕೆಂದೇನೂ ಇಲ್ಲ. ಕರ್ಲ್ ಎಂಬ ಪ್ರಸಿದ್ಧ ಡೇಟಾ ವರ್ಗಾವಣೆ ಸಾಧನದ ಮುಖ್ಯ ಡೆವಲಪರ್ ಡೇನಿಯಲ್ ಸ್ಟೆನ್‌ಬರ್ಗ್ 2025ರ ಜುಲೈನಲ್ಲಿ ತಿಳಿಸಿದಂತೆ, ತಮಗೆ ಬರುವ ಭದ್ರತಾ ವರದಿಗಳಲ್ಲಿ ಸುಮಾರು 20% ಹೀಗೆ ಯಂತ್ರ ಹೆಣೆದ ಹುರುಳಿಲ್ಲದ ಬರಹ. ಆ ವರ್ಷ ಬಂದವುಗಳಲ್ಲಿ ನಿಜವಾದ ಭದ್ರತಾ ದೋಷವೆಂದು ಸಾಬೀತಾದದ್ದು ಸುಮಾರು 5%. ದೋಷ ಹುಡುಕಿದವರಿಗೆ ಹಣ ಕೊಡುವ ಯೋಜನೆಯನ್ನು 2026ರ ಜನವರಿ ಕೊನೆಗೆ ಆ ತಂಡ ನಿಲ್ಲಿಸಿಯೇಬಿಟ್ಟಿತು. ಹಿಂದೆಲ್ಲ ಅಚ್ಚುಕಟ್ಟಾದ ವರದಿ ಎಂದರೆ ಬರೆದವರು ಶ್ರಮ ಪಟ್ಟಿದ್ದಾರೆ, ಬಹುಶಃ ದೋಷವನ್ನು ಕಣ್ಣಾರೆ ಕಂಡಿದ್ದಾರೆ ಎಂಬ ಸೂಚನೆಯಾಗಿತ್ತು. ಆ ಸೂಚನೆ ಈಗ ನಂಬಲರ್ಹವಲ್ಲ. ಬರಹದಲ್ಲಿ ಹಂತಗಳಿವೆಯೇ ಎಂದು ಎಣಿಸುವ 2017ರ ವಿಧಾನವನ್ನು ಇವತ್ತಿನ ವರದಿಗಳಿಗೆ ಅನ್ವಯಿಸಿದರೆ ಪ್ರಮಾಣ ಖಂಡಿತ ಏರಿರುತ್ತದೆ, ಆ ಏರಿಕೆಗೆ ಅರ್ಥ ಮಾತ್ರ ಇರುವುದಿಲ್ಲ. ಇನ್ನು ಎಣಿಸಬೇಕಾದದ್ದು ಓಡಿಸಿದಾಗ ನಿಜಕ್ಕೂ ವಿಫಲವಾದ ಉದಾಹರಣೆಗಳನ್ನು ಮಾತ್ರ.

ಎರಡನೆಯ ಬದಲಾವಣೆ ವರದಿ ಓದುವ ಕಡೆಯದು. ಎಸ್‌ಡಬ್ಲ್ಯೂಇ-ಬೆಂಚ್ ಎಂಬ ಮಾಪನ 12 ಪೈಥಾನ್ ಯೋಜನೆಗಳ 2,294 ವರದಿಗಳನ್ನು ಭಾಷಾ ಮಾದರಿಗಳ ಮುಂದಿಟ್ಟು, ಸರಿಪಡಿಸಿ ತೋರಿಸಿ ಎನ್ನುತ್ತದೆ. 2024ರಲ್ಲಿ ಓಪನ್‌ಎಐ ಅದರಿಂದ 1,699 ಅನ್ನು ಆರಿಸಿ 93 ಮಂದಿ ಡೆವಲಪರುಗಳಿಂದ ಪರಿಶೀಲಿಸಿದಾಗ, 38.3% ಪ್ರಕರಣಗಳಲ್ಲಿ ಸಮಸ್ಯೆಯ ವಿವರಣೆಯೇ ಸಾಲದು ಎಂಬ ತೀರ್ಪು ಬಂತು. ಇಲ್ಲಿ ಬೆರಗು ಹುಟ್ಟಿಸುವುದು ಬೇರೆ ಸಂಗತಿ: ಆ ಸಂಗ್ರಹದಲ್ಲಿರುವುದು ಮನುಷ್ಯರು ಈಗಾಗಲೇ ಸರಿಪಡಿಸಿ ಮುಗಿಸಿದ, ಪರೀಕ್ಷೆಗಳನ್ನೂ ಬರೆದಿಟ್ಟ ವರದಿಗಳು ಮಾತ್ರ. ಅರೆಬರೆ ವಿವರಣೆಯಿದ್ದೂ ಅವು ಸರಿಯಾದವು. ಕೊರತೆಯನ್ನು ತುಂಬಿದ್ದು ನಿರ್ವಾಹಕರ ವರ್ಷಗಳ ಪರಿಚಯ, ವರದಿಯ ಕೆಳಗೆ ನಡೆದ ಹತ್ತಾರು ಪ್ರಶ್ನೋತ್ತರಗಳು, "ಹೋದ ತಿಂಗಳು ಅಲ್ಲೊಂದು ಬದಲಾವಣೆ ಮಾಡಿದ್ದೆವಲ್ಲ, ಅದೇ ಇರಬೇಕು" ಎಂಬಂಥ ನೆನಪು. ವರದಿಯೊಂದನ್ನು ಅದರ ಮೊದಲ ಪಠ್ಯದಿಂದಲೇ ಅಳೆಯುವ ಅಧ್ಯಯನಗಳಿಗೆ ಇವು ಯಾವುವೂ ಕಾಣುವುದಿಲ್ಲ. ಉದಾಹರಣೆ ಮೊದಲ ದಿನವೇ ಬಂತೇ ಎಂಬುದಕ್ಕಿಂತ, ಎಷ್ಟನೇ ಉತ್ತರದಲ್ಲಿ, ಯಾರಿಂದ ಬಂತು ಎಂದು ಎಣಿಸಿದರೆ ಚಿತ್ರ ಹೆಚ್ಚು ನಿಜವಾಗಬಹುದು.

ಉದಾಹರಣೆಯನ್ನು ವರದಿಗಾರರಿಂದ ಕೇಳುವ ಬದಲು ವರದಿಯ ಪಠ್ಯದಿಂದ ಯಂತ್ರವೇ ಅದನ್ನು ಕಟ್ಟಲಿ ಎಂಬ ಪ್ರಯತ್ನಗಳೂ ನಡೆದಿವೆ. ಲಿಬ್ರೊ ಎಂಬ ವಿಧಾನವನ್ನು ರೂಪಿಸಿದ ಕೊರಿಯಾದ ಸಂಶೋಧಕರು 2023ರಲ್ಲಿ, ಜಾವಾ ಬಗ್‌ಗಳ ಹೆಸರಾಂತ ಸಂಗ್ರಹವೊಂದರ 750 ವರದಿಗಳಲ್ಲಿ 251ಕ್ಕೆ, ಅಂದರೆ ಮೂರರಲ್ಲೊಂದು ಪಾಲಿಗೆ, ದೋಷವನ್ನು ಮರಳಿ ತೋರಿಸುವ ಪರೀಕ್ಷೆಗಳನ್ನು ಭಾಷಾ ಮಾದರಿಯಿಂದ ಬರೆಸಿದರು. ಮಾದರಿಗಳು ಅಲ್ಲಿಂದೀಚೆಗೆ ಬಲಗೊಂಡಿವೆ, ಈ ಪಾಲು ಬೆಳೆಯುವುದರಲ್ಲಿ ಅನುಮಾನವಿಲ್ಲ. ನಿರ್ವಾಹಕರ ಹೊರೆಯನ್ನು ನಿಜಕ್ಕೂ ಇಳಿಸಬಲ್ಲದ್ದು ಇದೇ ಎಂದು ನನಗನಿಸುತ್ತದೆ; ವರದಿಗಾರರನ್ನು ಬಾಗಿಲಲ್ಲೇ ತಡೆಯದೆಯೂ ಓಡುವ ಉದಾಹರಣೆ ಕೈಸೇರುತ್ತದೆ. ಆದರೆ ಅಲ್ಲಿ ತೊಡಕೊಂದು ಉಳಿದಿದೆ. ಬಿಲ್ಲಿನ ಪ್ರಕರಣವನ್ನೇ ತೆಗೆದುಕೊಂಡರೆ, "ತಿಂಗಳ ಕೊನೆಯಲ್ಲಿ ಕೆಲವೊಮ್ಮೆ" ಎಂಬುದನ್ನು ಓದಿದ ಮಾದರಿ ಮಧ್ಯರಾತ್ರಿ ತಾರೀಖು ಬದಲಾಗುವ ಹೊತ್ತಿಗೆ ಸಮಯವಲಯ ತಪ್ಪಾಗುವ ಪರೀಕ್ಷೆಯನ್ನು ಬರೆಯಬಹುದು, ಅದು ವಿಫಲವೂ ಆಗಬಹುದು, ಆ ತಂತ್ರಾಂಶದಲ್ಲಿ ಆ ದೋಷವೂ ನಿಜವಾಗಿ ಇರಬಹುದು. ಆದರೂ ವರದಿಗಾರರು ಕಂಡದ್ದು ಅದಲ್ಲ. ವಿಫಲವಾದ ಪರೀಕ್ಷೆ ತಮ್ಮ ಪರದೆಯ ಮೇಲೆ ಕಂಡ ದೋಷವನ್ನೇ ತೋರಿಸುತ್ತಿದೆಯೇ ಎಂದು ಹೇಳಬಲ್ಲವರು ಅವರೊಬ್ಬರೇ, ಮೂರು ದಿನಗಳಲ್ಲಿ ತಾನಾಗಿ ಮುಚ್ಚಿಹೋದ ವರದಿಯ ಕೆಳಗೆ ಆ ಮಾತನ್ನು ಬರೆಯಲು ಅವರು ಮತ್ತೆ ಬರುವ ಸಾಧ್ಯತೆ ಕಡಿಮೆ.